ಅಣ್ಣನ ಹಾಜರಿ

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ಅವರ ಮುಖದ ಮೇಲೇ ನಗುತ್ತಿದ್ದವಳು ನಾನು. ಇಪ್ಪತ್ತೆಂಟು ವರ್ಷ ವಿಮಾ ಕಛೇರಿಯಲ್ಲಿ ಸಾವಿನ ಕಾಗದಗಳನ್ನು ತಿರುವಿಹಾಕಿದ್ದೇನೆ. ಕಾಗದವಿಲ್ಲದ್ದು ನನ್ನ ತಲೆಗೆ ಹೋಗುವುದಿಲ್ಲ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ಅಣ್ಣ ಶ್ರೀಪತಿ ಹನ್ನೊಂದು ವರ್ಷಗಳ ಹಿಂದೆ ಕ್ರೋಂಪೇಟೆಯ ನಮ್ಮ ಮನೆಯಿಂದ ಬೆಳಗಿನ ಲೋಕಲ್ ಟ್ರೈನ್ ಹಿಡಿಯಲು ಹೋದವನು ವಾಪಸು ಬರಲಿಲ್ಲ. ಹುಡುಕದ ಜಾಗವಿಲ್ಲ. ಅಮ್ಮ ಮಾತ್ರ ಇಂದಿಗೂ "ಬರ್ತಾನೆ" ಎನ್ನುತ್ತಾಳೆ. ನನಗೆ ಕಾದು ಕಾದು ಸಾಕಾಗಿತ್ತು.

ಅಣ್ಣ ಓದಿದ್ದು ಪ್ಯಾರೀಸ್ ಕಾರ್ನರ್ ಬಳಿಯ, ಇಂಗ್ಲಿಷರ ಕಾಲದ ಗಂಡುಮಕ್ಕಳ ಶಾಲೆಯಲ್ಲಿ. ಅಲ್ಲಿ ಹಾಜರಿ ಕರೆದಾಗ ಈಗಲೂ "ಅಡ್ಸಮ್" ಎನ್ನಬೇಕು. ಲ್ಯಾಟಿನ್‌ನಲ್ಲಿ "ಇದ್ದೇನೆ" ಎಂದರ್ಥ. ವರ್ಷಕ್ಕೊಮ್ಮೆ, ಶಾಲೆ ಸ್ಥಾಪನೆಯಾದ ದಿನದಂದು ಬೆಳಿಗ್ಗೆ, ತೀರಿಕೊಂಡ ಹಳೆಯ ವಿದ್ಯಾರ್ಥಿಗಳ ಹೆಸರನ್ನೂ ಹಾಗೆಯೇ ಕರೆಯುತ್ತಾರೆ. ಉತ್ತರ ಬರದಿದ್ದರೆ ಗಂಟೆಗೆ ಒಂದೇಟು, ದಾಖಲಾತಿ ಪುಸ್ತಕದಲ್ಲಿ ಆ ಹೆಸರಿನ ಮೇಲೊಂದು ಗೆರೆ. ಮೂರು ವರ್ಷಗಳ ಹಿಂದೆ, ಅಮ್ಮನಿಗೆ ತಿಳಿಸದೆ, ನಾನು ಅಣ್ಣನ ಹೆಸರು ಬರೆದುಕೊಟ್ಟೆ.

ಆ ವರ್ಷದ ಹಾಜರಿಯ ದಿನ ಶಾಲೆಯ ಹಾಲ್ ತುಂಬಿತ್ತು. ಆರು ಹೆಸರು ಕರೆದರು, ಆರು ಸಲ ಗಂಟೆ ಹೊಡೆಯಿತು. ಏಳನೆಯದಾಗಿ ಹೆಡ್‌ಮಾಸ್ಟರ್ "ಕೆ. ಶ್ರೀಪತಿ" ಎಂದರು.

"ಅಡ್ಸಮ್."

ಹಿಂದಿನ ಬಾಗಿಲ ಕಡೆಯಿಂದ ಬಂದ ಗಂಡಸಿನ ದನಿ. ಅಮ್ಮ ಊಟಕ್ಕೆ ಕರೆದರೂ ಅಣ್ಣ ತಮಾಷೆಗೆ ಹೀಗೇ ಕೂಗುತ್ತಿದ್ದ, ಕೊನೆಯನ್ನು ಸ್ವಲ್ಪ ಎಳೆದು. ತಿರುಗಿ ನೋಡಿದರೆ ಬಾಗಿಲಲ್ಲಿ ಬಿಸಿಲು ಬಿಟ್ಟು ಏನೂ ಇಲ್ಲ. ಅಕ್ಕಪಕ್ಕದವರು ತಲೆ ತಗ್ಗಿಸಿಕೊಂಡೇ ಇದ್ದರು. ನನಗೊಬ್ಬಳಿಗೇ ಕೇಳಿಸಿತೇನೋ ಅಂದುಕೊಂಡೆ. ಆದರೆ ಗಂಟೆ ಹೊಡೆಯಲಿಲ್ಲ.

"ಬೆಲ್ ಅಡಿಪ್ಪಾ," ಹೆಡ್‌ಮಾಸ್ಟರ್ ತಮಿಳಿನಲ್ಲಿ ಗಂಟೆ ಹೊಡೆಯಲು ಹೇಳಿದರು.

ಇಪ್ಪತ್ತು ವರ್ಷದಿಂದ ಗಂಟೆ ಹೊಡೆಯುತ್ತಿದ್ದ ಪ್ಯೂನ್ ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸಿದ. "ಪದಿಲ್ ವಂದಿರುಚ್ಚೇ ಸಾರ್," ಎಂದ. ಉತ್ತರ ಬಂತಲ್ಲ, ಇನ್ನು ಹೇಗೆ ಹೊಡೆಯಲಿ ಎನ್ನುವ ಹಾಗೆ.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೆದರಿಕೆ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹೆದರಿಕೆ. ಶಾಲೆಯ ಮೂಲೆಮೂಲೆ ಹುಡುಕಿದೆ, ರಸ್ತೆಯವರೆಗೂ ಓಡಿದೆ. ಯಾರೂ ಇರಲಿಲ್ಲ. ಅಣ್ಣನ ಹೆಸರಿನ ಮೇಲೆ ಅವರು ಗೆರೆ ಎಳೆಯಲಿಲ್ಲ.

ಮನೆಗೆ ಬಂದಾಗ ಅಮ್ಮ, "ಏನೇ, ಈ ಉರಿ ವೆಯಿಲಲ್ಲಿ ಸುತ್ತಿದ್ಯಾ? ಮುಖ ಯಾಕೆ ಹಿಂಗಾಗಿದೆ?" ಎಂದಳು. ಆಫೀಸಿನ ಕೆಲಸ ಎಂದೆ.

ಅದೇನೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ಪ್ಯೂನ್ ಅಣ್ಣನನ್ನು ಕಂಡವನೇ ಅಲ್ಲ, ಆದರೂ ಅವನಿಗೂ ಕೇಳಿಸಿತ್ತು. ಕೇಳಿಸಿದ್ದನ್ನು ನಾನು ಅಮ್ಮನ ಮುಂದೆ ಹಾಗೇ ಕೂಗಿ ತೋರಿಸಿದರೆ ಅದು ಯಾರ ದನಿಯೆಂದು ಅಮ್ಮ ಹೇಳಿಬಿಡುತ್ತಾಳೆ. ಆದರೆ ಅದಕ್ಕೆ ಮೊದಲು, ಅವಳ ಮಗನನ್ನು ಸತ್ತವರ ಪಟ್ಟಿಗೆ ಸೇರಿಸಿದವಳು ನಾನೇ ಎಂದು ಹೇಳಬೇಕಲ್ಲ.