ಗಿಟಾರಿಗೆ ಬೈಯುವ ಗಿರಾಕಿ

ಪಾರಿಶ್ವಾಡದ ಸತ್ಯಪ್ಪ ಶನಿವಾರದ ಮೊದಲ ಬಸ್ಸಿಗೆ ಬೆಳಗಾವಿಗೆ ಬಂದನೆಂದರೆ ಕಾಸಿಮಸಾಬರ ವಾದ್ಯದ ಅಂಗಡಿಯಲ್ಲಿ ಬೇಸ್ ಗಿಟಾರುಗಳಿಗೆ ದನದ ಸಂತೆಯ ಪರೀಕ್ಷೆ ಶುರು. ಹೊಸದರ ಬೆನ್ನು ಚಪ್ಪರಿಸಿ, ಕಿವಿ ತಿರುವಿ, ನಾಲ್ಕೂ ತಂತಿಗಳನ್ನು ಕೆಚ್ಚಲು ಹಿಂಡಿದಂತೆ ಎಳೆದು, "ಚಲೋ ತಳಿ ಐತಿ ಚಾಚಾ, ಗುಂ ಅಂತ ಒದರತೈತಿ" ಎನ್ನುತ್ತಾನೆ. ಮೂಲೆಯ ಸೆಕೆಂಡ್‌ಹ್ಯಾಂಡ್ ಗಿಟಾರು ಕಂಡರೆ ಮಾತ್ರ ಮೈಯೆಲ್ಲ ಉರಿ. ಆರ್ಕೆಸ್ಟ್ರಾದವರು ಯಾರಾದರೂ ಅದನ್ನು ಮುಟ್ಟಿದರೆ ಸಾಕು, "ಕೈ ತಗೀರಿ! ಕುತ್ತಿಗಿ ಡೊಂಕ, ದನಿ ಗೊಡ್ಡ, ಮದುವಿ ಮನ್ಯಾಗ ಬಾರಿಸಿದ್ರ ಮದುಮಗ ಎದ್ದು ಓಡತಾನ್ರಿ!" ಎಂದು ಹೆದರಿಸಿ ಹೊಸದರತ್ತ ಅಟ್ಟುತ್ತಾನೆ. ಗಿರಾಕಿ ಕೈತಪ್ಪಿದರೂ ಕಾಸಿಮಸಾಬರು ಮಧ್ಯಾಹ್ನ ನಮಾಜಿಗೆ ಹೋಗುವಾಗ ಅಂಗಡಿಯನ್ನು ಅವನಿಗೇ ಒಪ್ಪಿಸುತ್ತಾರೆ. ಅವರು ಮರಳಿ ಬರುವಾಗ ಸತ್ಯಪ್ಪ, ಎಮ್ಮೆ ಕೊಳ್ಳಲೆಂದು ತಾನೇ ಇಲ್ಲಿ ಮಾರಿದ ಆ ಡೊಂಕು ಕುತ್ತಿಗೆಯದನ್ನು ತೊಡೆಯ ಮೇಲಿಟ್ಟುಕೊಂಡು ಧೋತರದ ಚುಂಗಿನಿಂದ ಒರೆಸುತ್ತಿರುತ್ತಾನೆ. ವರ್ಷಗಟ್ಟಲೆ ಬಾರಿಸಿ ಸವೆಸಿದ ಕುಳಿಯಲ್ಲಿ ಅವನ ಹೆಬ್ಬೆರಳು ತಾನಾಗಿ ಹೋಗಿ ಕೂತಿರುತ್ತದೆ. ಸಾಬರು ಹೊಸ್ತಿಲ ಹೊರಗೇ ನಿಂತು ಜೋರಾಗಿ ಕೆಮ್ಮುತ್ತಾರೆ. ಅವರು ಒಳಗೆ ಬರುವಷ್ಟರಲ್ಲಿ ಗಿಟಾರು ಮೂಲೆ ಸೇರಿ, ಬೈಗುಳ ಮತ್ತೆ ಶುರುವಾಗಿರುತ್ತದೆ.