ಬುಟ್ಟಿಯೊಳಗಿನ ಹೆಂಗಸು ಯಾರು?

ನನ್ನ ತಂಗಿಯನ್ನು ಲಾಂಡ್ರಿಯಲ್ಲಿ ಎಲ್ಲರೂ ಪಟಾಕಿ ಎಂದೇ ಕರೆಯುತ್ತಾರೆ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಅದು. ಅವಳದು ಇಸ್ತ್ರಿ ಮೇಜು, ನನ್ನದು ಅದರ ಪಕ್ಕದ ಹೊಲಿಗೆ ಯಂತ್ರ. ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುತ್ತೇನೆ. ತಂಗಿ ಆಳು ಗಿಡ್ಡ, ಮಣೆ ಹಾಕಿಕೊಂಡು ನಿಂತರೇ ಅವಳಿಗೆ ಮೇಜು ಎಟುಕುವುದು. ಇಸ್ತ್ರಿಪೆಟ್ಟಿಗೆ ಹಿಡಿದಳೆಂದರೆ ಬಟ್ಟೆಯಲ್ಲಿ ಸುಕ್ಕು ಉಳಿಯದು, ಬಾಯಿ ಬಿಟ್ಟಳೆಂದರೆ ಕೋಣೆಯಲ್ಲಿ ಗುಟ್ಟು ಉಳಿಯದು.

ಆ ವರ್ಷ ಚರ್ಚಿನ ಹೆಂಗಸರ ಕೂಟದಲ್ಲಿ ಹೀಬ್ರೂ ಪ್ರವಾದಿಯೊಬ್ಬ ಕಂಡ ದರ್ಶನವನ್ನು ನಾಟಕ ಮಾಡಿ ಆಡುವುದೆಂದಾಯಿತು. ಧಾನ್ಯ ಅಳೆಯುವ ದೊಡ್ಡ ಬುಟ್ಟಿ. ಅದರ ಸೀಸದ ಮುಚ್ಚಳ ಎತ್ತಿದರೆ ಒಳಗೊಬ್ಬ ಹೆಂಗಸು. ಇವಳೇ ದುಷ್ಟತನ ಎಂದು ದೇವದೂತ ಅವಳನ್ನು ಒಳಕ್ಕೆ ಅದುಮಿ ಮುಚ್ಚಳ ಹಾಕುತ್ತಾನೆ. ಕೊಕ್ಕರೆಯ ರೆಕ್ಕೆಗಳಿರುವ ಇಬ್ಬರು ಹೆಂಗಸರು ಬುಟ್ಟಿಯನ್ನು ಎತ್ತಿಕೊಂಡು ಶಿನಾರ್ ದೇಶಕ್ಕೆ ಹಾರಿಹೋಗುತ್ತಾರೆ. ಅಲ್ಲಿ ಅವಳಿಗೊಂದು ಮನೆ ಕಟ್ಟುತ್ತಾರಂತೆ.

ಲಾಂಡ್ರಿಯ ಬೆತ್ತದ ಬುಟ್ಟಿಯೇ ಆದೀತೆಂದರು. ಅದರೊಳಗೆ ಹಿಡಿಸುವವಳು ನನ್ನ ತಂಗಿಯೊಬ್ಬಳೇ.

"ನಾನಾ? ದುಷ್ಟತನಾನಾ?" ಅವಳು ಮಣೆಯಿಂದ ಇಳಿದೇಬಿಟ್ಟಳು. "ಅಕ್ಕಾ, ಅವತ್ತೇ ಬೇಕರಿಯಮ್ಮ ಬರೋದು!"

ಸಂಕಟ ಅದೇ. ಅವಳ ಒಬ್ಬಳೇ ಮಗಳು ಬೇಕರಿಯ ಹುಡುಗನನ್ನು ಮೆಚ್ಚಿದ್ದಳು, ಹುಡುಗ ಇವಳನ್ನು. ಆದರೆ ಹುಡುಗನ ತಾಯಿ ಮನೆಗೆ ಬಂದು, ಚಹಾ ಕುಡಿದು, ಹೂಂ ಎನ್ನದೆ ಉಹೂಂ ಎನ್ನದೆ ಎದ್ದು ಹೋಗಿದ್ದರು. ನಿಮ್ಮ ಕೂಟಕ್ಕೆ ಬರುತ್ತೇನೆ, ನಿಮ್ಮ ಜನ ಹೇಗೆಂದು ನೋಡುತ್ತೇನೆ ಎಂದಿದ್ದರು.

"ದುಷ್ಟತನ ಅಂತ ಹಣೆಪಟ್ಟಿ ಕಟ್ಕೊಂಡು ಬುಟ್ಟೀಲಿ ಕೂತವಳ ಮನೆಯಿಂದ ಹೆಣ್ಣು ತಗೋತಾರಾ ಅಕ್ಕಾ? ಆ ಹೆಂಗಸು ಬೇರೆ ಯಾರೋ ಇರಬೇಕು. ಕೇಳೇ ಬಿಡ್ತೀನಿ."

ಪಾಸ್ಟರ್ ಚರ್ಚಿನ ಸಭಾಂಗಣದಲ್ಲಿ ಕುರ್ಚಿಗಳನ್ನು ಜೋಡಿಸುತ್ತಿದ್ದರು. ಅಲ್ಲೇ ಹೋಗಿ ಹಿಡಿದಳು.

"ಅಮ್ಮಾ, ಅವಳು ಯಾರು ಅಂತ ಇವತ್ತಿಗೂ ಓದಿದವರು ಜಗಳ ಆಡ್ತಾರೆ," ಎಂದರು ಅವರು. "ಅದು ಅಳತೆ ಬುಟ್ಟಿ ತಾನೇ, ಹಾಗಾಗಿ ಅವಳು ವ್ಯಾಪಾರದ ಮೋಸ ಅಂತ ಕೆಲವರು. ಅವಳಿಗೆ ಮನೆ ಕಟ್ಟೋದು ಅಂದ್ರೆ ಗುಡಿ ಕಟ್ಟೋದು, ಅವಳೊಂದು ವಿಗ್ರಹ ಅಂತ ಇನ್ನು ಕೆಲವರು. ನನ್ನ ಕೇಳಿದ್ರೆ, ಆ ನಾಡಿನ ಎಲ್ಲರ ಪಾಪದ ಮೂಟೆ ಅವಳು."

"ಎಲ್ಲರ ಪಾಪ ಆದ್ರೆ ಎಲ್ಲರೂ ಬುಟ್ಟೀಲಿ ಕೂರ್ಲಿ! ನಾನೊಬ್ಬಳೇ ಯಾಕೆ?"

"ಎಲ್ಲರೂ ಹಿಡಿಸಲ್ವಲ್ಲಮ್ಮ."

ಕೊನೆಗೆ ಒಂದು ಒಪ್ಪಂದವಾಯಿತು. ಮುಚ್ಚಳ ಬೀಳುವ ಮೊದಲು ಪಾಸ್ಟರ್ ಮುಂದೆ ಬಂದು, ಈ ಹೆಂಗಸು ಯಾರೆಂದು ಸಭೆಗೆ ಬಿಡಿಸಿ ಹೇಳಬೇಕು. ನಾನು ಸವೆದ ದಿಂಬಿನ ಚೀಲಗಳನ್ನು ಬಿಚ್ಚಿ, ಗಂಜಿ ಹಾಕಿ, ರೆಕ್ಕೆ ಹೊಲಿದೆ.

ಆ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೇಕರಿಯಮ್ಮ, ಹಿಟ್ಟು ನಾದಿ ನಾದಿ ತೊಲೆಯಂತಾದ ತೋಳುಗಳನ್ನು ಕಟ್ಟಿಕೊಂಡು ಕೂತಿದ್ದರು. ಹತ್ತಿಯ ಗಡ್ಡ ಅಂಟಿಸಿಕೊಂಡ ಪಾಸ್ಟರಮ್ಮನೇ ಪ್ರವಾದಿ. ದೇವದೂತನಾಗಿದ್ದವಳು ನಮ್ಮ ಲಾಂಡ್ರಿಯ ಮೇಲ್ವಿಚಾರಕಿ. ಇಷ್ಟು ದಿನದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವಳಂತೆ ನನ್ನ ತಂಗಿಯ ತಲೆಯ ಮೇಲೆ ಕೈಯಿಟ್ಟು ಕಾದಳು. ಪಾಸ್ಟರ್ ಮುಂದೆ ಬಂದು, "ಈ ಹೆಂಗಸು ಯಾರು ಅನ್ನೋದಕ್ಕೆ ಮೂರು ಅಭಿಪ್ರಾಯಗಳಿವೆ..." ಎಂದು ಶುರು ಮಾಡಿದರು. ಮೊದಲನೆಯದೇ ಮುಗಿಯಲೊಲ್ಲದು.

"ಪಾಸ್ಟರೇ, ನಾನು ಅವಳಲ್ಲ ಅಂತ ಮೊದಲು ಹೇಳಿ! ಕಾಲು ಜೋಮು ಹಿಡೀತಿದೆ!" ಎಂದು ಬುಟ್ಟಿ ಕೂಗಿತು.

ಸಭೆ ಗೊಳ್ಳೆಂದಿತು. ಮೇಲ್ವಿಚಾರಕಿ ಅದುಮಿ ಮುಚ್ಚಳ ಹಾಕಿಯೇಬಿಟ್ಟಳು. ಒಳಗಿನ ಗೊಣಗಾಟ ನಿಲ್ಲಲಿಲ್ಲ. ಲಾಂಡ್ರಿಯಲ್ಲಿ ಒಗೆಯುವ ಯಂತ್ರ ನೋಡಿಕೊಳ್ಳುವ ಅತ್ತಿಗೆ ನಾದಿನಿಯರು ಕೊಕ್ಕರೆಗಳಾಗಿ ಬಂದು ಬುಟ್ಟಿಯ ಹಿಡಿಗಳನ್ನು ಹಿಡಿದರು. ಅಷ್ಟರಲ್ಲಿ ಒಳಗಿನಿಂದ "ಶಿನಾರ್‌ಗೆ ಬಸ್ಸಿಲ್ವಾ?" ಎಂದು ಕೇಳಿತು. ನಾದಿನಿ ಕೊಕ್ಕರೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ರೆಕ್ಕೆ ಸಮೇತ ನೆಲಕ್ಕೆ ಕುಸಿದಳು. ಬುಟ್ಟಿ ವಾಲಿತು.

ಬೇಕರಿಯಮ್ಮ ಎದ್ದರು. ಹೊರಟರು, ಸಂಬಂಧ ಮುರಿಯಿತು ಅಂದುಕೊಂಡೆ. ಅವರು ಬಾಗಿಲ ಕಡೆಗೆ ತಿರುಗದೆ ನೇರ ವೇದಿಕೆ ಹತ್ತಿ ನನ್ನತ್ತ ಕೈ ಚಾಚಿದರು.

"ಆ ರೆಕ್ಕೆ ಇಲ್ಲಿ ಕಟ್ಟಮ್ಮ. ಪಾಪ, ಒಳಗಿರೋರು ಬಿದ್ದು ಗಿದ್ದು ಹೋದಾರು."

ಬಿದ್ದವಳಿಂದ ಬಿಚ್ಚಿ ಇವರಿಗೆ ಕಟ್ಟಹೋದೆ. ದಾರ ಆ ಬೆನ್ನಿಗೆ ಸಾಲಲಿಲ್ಲ. ಎರಡು ತುದಿಗಳನ್ನೂ ಹಿಡಿದುಕೊಂಡು ನಾನೇ ಅವರ ಹಿಂದೆ ಬಾಲದಂತೆ ನಡೆದೆ. ಬೇಕರಿಯಮ್ಮ ಎತ್ತಿದ ರಭಸಕ್ಕೆ ಬುಟ್ಟಿಯ ಆ ಕಡೆ ಆಕಾಶಕ್ಕೇ ಹೋಯಿತು.

"ಯಾರದು? ನಿಧಾನ!" ಎಂದಿತು ಬುಟ್ಟಿ.

ಪಾಸ್ಟರಮ್ಮ ಗಡ್ಡ ಒತ್ತಿ ಹಿಡಿದು, "ಇವಳನ್ನು ಎಲ್ಲಿಗೆ ಒಯ್ಯುತ್ತೀರಿ?" ಎಂದು ಕೇಳಿದರು. ಉತ್ತರ ಹೇಳಬೇಕಾದ ದೇವದೂತನಿಗೆ ನಗುವಿನಲ್ಲಿ ಮಾತೇ ಹೊರಡಲಿಲ್ಲ. ತಮ್ಮನ್ನೇ ಕೇಳಿದರೆಂದುಕೊಂಡ ಬೇಕರಿಯಮ್ಮ ಗಟ್ಟಿಯಾಗಿ ಹೇಳಿದರು:

"ಎಲ್ಲಿಗೆ ಅಂದ್ರೆ? ನಮ್ಮನೆಗೆ!"

ಮುಚ್ಚಳ ಹಾರಿತು. ನನ್ನ ತಂಗಿಯ ತಲೆ ಮೇಲೆ ಬಂತು, ಕೂದಲೆಲ್ಲ ಬೆತ್ತದ ಸಿಬಿರು.

"ನನ್ನನ್ನಲ್ಲ ಬೀಗಿತ್ತೀ, ನನ್ನ ಮಗಳನ್ನ!"

ಬೀಗಿತ್ತಿ ಎಂದು ಬಾಯಿ ಜಾರಿದ್ದು ಅವಳಿಗೆ ಆಮೇಲೆ ಹೊಳೆಯಿತು. ಕಣ್ಣು ಪಿಳಿಪಿಳಿ ಬಿಟ್ಟಳು.

"ಮಗಳು ನಡ್ಕೊಂಡೇ ಬರ್ತಾಳೆ ಬಿಡಿ," ಎಂದರು ಬೇಕರಿಯಮ್ಮ, ಏದುಸಿರಿನ ನಡುವೆಯೇ ನಗುತ್ತಾ. "ಹಸೆಮಣೆಗೆ ದಿನ ನೋಡೋಣ. ಈಗ ನೀವು ಒಳಗೆ ಕೂತ್ಕೊಳ್ಳಿ ಬೀಗಿತ್ತೀ, ಕೈ ಸೋಲ್ತಿದೆ."