ಬೀದಿ ನಲ್ಲಿಯ ರಾಯರು
ಬಿಳಿಯರ ಕೈಕೆಳಗೂ ನಮ್ಮವರ ಕೈಕೆಳಗೂ ಗುಮಾಸ್ತರಾಗಿ ನಿವೃತ್ತರಾದ ಕಮಲಾಕರ ರಾಯರು ಬೀದಿಯ ನಲ್ಲಿಯ ಬಳಿ ಬಂದು ಕೆಮ್ಮಿದ ಮೇಲೆಯೇ ಮದರಾಸಿನ ತ್ರಿಪ್ಲಿಕೇನಿನ ಆ ಸಂದಿಯಲ್ಲಿ ಬೆಳಗಾಗುತ್ತಿತ್ತು. ಹಿಂದಿನ ಸಂಜೆಯೇ ಸಾಲಾಗಿ ಇಟ್ಟ ಕೊಡಗಳು ಅರೆಬೆಳಕಿನಲ್ಲಿ ತೂಕಡಿಸುವ ಹೆಂಗಸರಂತೆ ಕಾಣುತ್ತಿದ್ದವು. ನೀರು ಬರುವವರೆಗೆ ರಾಯರು ಕಡಲಗಾಳಿಗೆ ಕಣ್ಣು ಅರೆಮುಚ್ಚಿ ಹೇಳುವರು: “ನಲ್ಲಿ ಹಾಕಿದ್ದು ಸರ್ಕಾರ, ಸರದಿ ಮಾಡ್ಕೊಂಡದ್ದು ನಾವು. ಸರ್ಕಾರ ಮಲಗಿದ್ರೂ ಈ ಸಾಲು ಎದ್ದಿರುತ್ತೆ, ತಿಳೀತಾ?” ಯಾರಾದರೂ ಕೊಡವನ್ನು ಗೇಣು ಮುಂದೆ ಸರಿಸಿದರೆ ರಾಜ್ಯವೇ ಉರುಳಿತೆಂಬಂತೆ ಕೂಗಾಡುವರು. ಹೆಚ್ಚು ಬೈಸಿಕೊಂಡವಳು ಹೋಟೆಲಿನ ಅಡುಗೆಯ ಐತಪ್ಪನ ಹೆಂಡತಿ ಅಮ್ಮಣ್ಣಿ. “ನಿಮ್ಮ ಭಾಷಣಕ್ಕೆ ನಲ್ಲಿಯೇ ಒಣಗಿತು ಮಾರಾಯ್ರೇ” ಎಂದು ಅವಳು ನಗುವಳು. ಹೆಂಡತಿ ಜಯಲಕ್ಷ್ಮಿ ಜ್ವರದಲ್ಲಿ ಕಣ್ಣು ಬಿಡದ ದಿನ ರಾಯರು ಅವಳ ಮಗ್ಗುಲು ಬಿಟ್ಟು ಏಳಲಿಲ್ಲ. ಕೊಡ ಬೀದಿಯಲ್ಲೇ ಉಳಿದಿತ್ತು, ಮನೆಯಲ್ಲಿ ಔಷಧಿ ಕಲಸಲೂ ನೀರಿರಲಿಲ್ಲ. ಇಷ್ಟು ದಿನ ಸಾಲು ಕೆಡದೆ ನಿಂತದ್ದು ಬರಿಯ ತಮ್ಮ ಕೂಗಿಗೆ ಹೆದರಿಯೋ ಏನೋ ಎಂದು ಅವರಿಗೆ ಮೊದಲ ಸಲ ಭಯವಾಯಿತು. ಬಾಗಿಲು ತಟ್ಟಿದ ಸದ್ದಿಗೆ ಎದ್ದು ನೋಡಿದರೆ ತುಂಬಿದ ಕೊಡ ಹೊತ್ತ ಅಮ್ಮಣ್ಣಿ. “ನಿಮ್ಮ ಸರದಿಗೇ ಹಿಡಿದದ್ದು ರಾಯರೇ, ಒಂದು ಗೇಣೂ ಮುಂದೆ ಸರಿಸಲಿಲ್ಲ” ಎಂದಳು. ಹೆಂಡತಿಯ ತುಟಿಗೆ ಆ ನೀರು ಹನಿಸುತ್ತ ರಾಯರು ಹೊರಗೆ ಕಿವಿಗೊಟ್ಟರು. ಯಾರೂ ಕೂಗದೆಯೇ ಸಾಲು ಸಾಗುತ್ತಿತ್ತು.